ಸಹಾಯ ಬೇಕು: ಆದಿಕಾಂಡ 5ನೆಯ ಅಧ್ಯಾಯವನ್ನು ಧ್ಯಾನಿಸುವುದು ಹೇಗೆ?

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೆ ವಂದನೆಗಳು.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದ ದಿನಕ್ಕೊಂದು ಅಧ್ಯಾಯವನ್ನು ಓದಿ, ಪ್ರಾರ್ಥಿಸಿ, ಮನಸ್ಸಿಗೆ ತಟ್ಟಿದ್ದನ್ನು ನೋಟ್‌ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಇತ್ತೀಚೆಗೆ ಆರಂಭಿಸಿದ್ದೇನೆ. ಸೃಷ್ಟಿಯ ವೃತ್ತಾಂತವನ್ನು ಓದುವಾಗ ಪುಟಗಳು ತಾವಾಗಿಯೇ ತುಂಬಿದವು; ಸೂರ್ಯಚಂದ್ರರು ಉಂಟಾದದ್ದು ನಾಲ್ಕನೆಯ ದಿನದಲ್ಲಾದರೂ ಬೆಳಕು ಮೊದಲನೆಯ ದಿನವೇ ಇತ್ತೆಂಬ ಒಂದೇ ಸಂಗತಿಯ ಮೇಲೆ ಎರಡು ದಿನ ಕಳೆದೆ. ಆದರೆ 5ನೆಯ ಅಧ್ಯಾಯಕ್ಕೆ ಬಂದಾಗ ಪೆನ್ನು ಮುಂದೆ ಸಾಗಲಿಲ್ಲ.

ಆ ಅಧ್ಯಾಯ ಆದಾಮನಿಂದ ನೋಹನವರೆಗಿನ ವಂಶಾವಳಿ; ಇಷ್ಟು ವರ್ಷ ಬದುಕಿದನು, ಮಕ್ಕಳನ್ನು ಪಡೆದನು, ಸತ್ತನು ಎಂಬ ಧಾಟಿಯೇ ಅಲ್ಲಿ ಉದ್ದಕ್ಕೂ ಇದೆ. ಸತ್ತನೆಂಬ ಮಾತು ಎಂಟು ಸಲ ಬರುತ್ತದೆ. ನಡುವೆ ಹನೋಕನೊಬ್ಬನಿಗೆ ಮಾತ್ರ ಅದಿಲ್ಲ, 365 ವರ್ಷಗಳ ಬಳಿಕ ದೇವರು ಅವನನ್ನು ಕರೆದುಕೊಂಡನೆಂದಿದೆ. ಅವನ ಮಗ ಮೆತೂಷೆಲಹನ ಆಯುಷ್ಯವನ್ನೂ ಕೂಡಿ ನೋಡಿದೆ (ಲೆಕ್ಕ ಹಾಕುವುದು ನನ್ನ ಹಳೆಯ ಚಾಳಿ). ಅವನಿಗೆ ಮಗ ಲೆಮೆಕ ಹುಟ್ಟುವವರೆಗೆ 187, ಲೆಮೆಕನಿಗೆ ನೋಹ ಹುಟ್ಟುವವರೆಗೆ 182, ಜಲಪ್ರಳಯದವರೆಗೆ 600, ಒಟ್ಟು 969 ವರ್ಷ; ಅಂದರೆ ಅವನು ತೀರಿಹೋದದ್ದು ಪ್ರಳಯದ ವರ್ಷದಲ್ಲೇ. ಲೆಕ್ಕವೇನೋ ಸರಿಹೋಯಿತು, ಧ್ಯಾನ ಮಾತ್ರ ಹುಟ್ಟಲಿಲ್ಲ.

ಇಂಥ ವಂಶಾವಳಿಗಳನ್ನು ವೈಯಕ್ತಿಕ ಧ್ಯಾನಕ್ಕಾಗಿ ನೀವು ಹೇಗೆ ಓದುತ್ತೀರಿ? ಅಲ್ಲದೆ, ಆದಾಮನನ್ನು ದೇವರು ತನ್ನ ಹೋಲಿಕೆಯಲ್ಲಿ ಉಂಟುಮಾಡಿದನೆಂದು ಹೇಳಿದ ಬೆನ್ನಲ್ಲೇ, ಆದಾಮನ ಮಗ ಸೇತನು ತಂದೆಯ ಹೋಲಿಕೆಯಲ್ಲಿ ಹುಟ್ಟಿದನೆಂದು 3ನೆಯ ವಚನ ಹೇಳುವುದನ್ನು ಹೇಗೆ ಗ್ರಹಿಸಬೇಕು? ಪಾಪದ ನಂತರವೂ ದೇವರ ಸ್ವರೂಪ ಮನುಷ್ಯನಲ್ಲಿ ಉಳಿದಿದೆಯೆಂದು ನರಹತ್ಯೆಯನ್ನು ಖಂಡಿಸುವಾಗ ಆ ಸ್ವರೂಪವನ್ನೇ ಕಾರಣವಾಗಿ ಹೇಳುವ 9ನೆಯ ಅಧ್ಯಾಯದ 6ನೆಯ ವಚನದಿಂದ ನನಗೆ ತೋರುತ್ತದೆ. ಈ ವಚನಗಳನ್ನು ಧ್ಯಾನಿಸಿದವರು ತಮ್ಮ ಅನುಭವವನ್ನು ದಯವಿಟ್ಟು ಬರೆಯಿರಿ; ನಾಳೆ 6ನೆಯ ಅಧ್ಯಾಯಕ್ಕೆ ಹೋಗದೆ ಇಲ್ಲಿಯೇ ಕಾಯುತ್ತೇನೆ.