18 ತಿಂಗಳ ಮಗಳಿಗೆ ಇನ್ನೂ ಎದೆಹಾಲು ಕೊಡಬಹುದಾ?

ಮಗಳು ಮುದ್ದೆ, ಸಾರು ಎಲ್ಲಾ ತಿಂತಾಳೆ. ಆದರೂ ನಾನು ಆಫೀಸಿಂದ ಬಂದು ಚಪ್ಪಲಿ ಬಿಡೋಷ್ಟರಲ್ಲಿ ವೇಲ್ ಹಿಡಿದು "ಅಮ್ಮ, ಆಲು" ಅಂತಾಳೆ. ಕುಡೀತಾ ಕುಡೀತಾ ನನ್ನ ಬಳೆ ತಿರುಗಿಸ್ತಾಳೆ. ದಿನದ ಸುಸ್ತೆಲ್ಲ ಅಲ್ಲೇ ಇಳಿದುಹೋಗುತ್ತೆ. ಅತ್ತೆ ಮಾತ್ರ "ಈಗ ಹಾಲಲ್ಲಿ ಸತ್ವ ಇರಲ್ಲ, ಬೇವು ಹಚ್ಚಿ ಬಿಡಿಸು" ಅಂತಾರೆ. ನಿಜವಾ?

ಉತ್ತರ 1:
ಸತ್ವ ಎಲ್ಲೂ ಹೋಗಲ್ಲ ಕಣಮ್ಮ. ಮೊದಲ 6 ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ 2 ವರ್ಷ ಅಥವಾ ಇನ್ನೂ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಜ್ವರ ಬಂದಾಗ ನನ್ನ ಮಗ ಗಂಜಿ ಮುಟ್ಟಲಿಲ್ಲ, ಎದೆಹಾಲು ಮಾತ್ರ ಬಿಡಲಿಲ್ಲ.

ಉತ್ತರ 2:
ಬೇವು ಬೇಡ ರೀ, ಪಾಪ ಕೂಸು! ಬಿಡಿಸೋ ಕಾಲಕ್ಕೆ ಹಗಲಿನದು ಒಂದೊಂದೇ ಕಮ್ಮಿ ಮಾಡಿ.

ಕೇಳಿದವಳು:
ಅತ್ತೆಗೆ ಓದಿ ಹೇಳಿದೆ. ರಾತ್ರಿ ಅವರೇ ನನ್ನ ತಟ್ಟೆಗೆ ಸಬ್ಬಸಿಗೆ ಪಲ್ಯ ಬಡಿಸಿದ್ರು.