ಅಪ್‌ಡೇಟ್: ಹಾನ್ಲೆ ಚಳಿಯಲ್ಲಿ ಕ್ಯಾಮೆರಾ ಬ್ಯಾಟರಿ ಕೊನೆವರೆಗೂ ಬಾಳಿತು

ಲಡಾಖ್‌ನ ಹಾನ್ಲೆಯ ಸ್ಟಾರ್ ಪಾರ್ಟಿಗೆ (ರಾತ್ರಿ ಆಕಾಶ ನೋಡುವವರ ಕೂಟ) ಹೋಗುತ್ತಿದ್ದೇನೆ, ಚಳಿಗೆ ಬ್ಯಾಟರಿ ಬೇಗ ಇಳಿಯದಂತೆ ಏನು ಮಾಡಲಿ ಅಂತ ಕೇಳಿದ್ದೆ. ಹೋಗಿ ಬಂದೆ.

ಗೆದ್ದದ್ದು ಡಮ್ಮಿ ಬ್ಯಾಟರಿ ಸಲಹೆ, ಅಂದರೆ ಬ್ಯಾಟರಿ ಜಾಗದಲ್ಲಿ ಕೂರಿಸಿ ಹೊರಗಿನಿಂದ ಕರೆಂಟ್ ಕೊಡುವ ಖಾಲಿ ಡಬ್ಬಿ. ಪವರ್ ಬ್ಯಾಂಕ್ ಜಾಕೆಟ್ ಒಳಗೆ ಮೈಗೆ ತಾಗಿಕೊಂಡೇ ಇತ್ತು, ಅಲ್ಲಿಂದ ಕ್ಯಾಮೆರಾಗೆ ಕೇಬಲ್. ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ತೆಗೆದ ಫೋಟೋ ಜೋಡಿಸಿ ಮಾಡುವ ವೀಡಿಯೊ) ಎಲ್ಲೂ ತುಂಡಾಗಲಿಲ್ಲ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್!

ಕೈ ಬೆಚ್ಚಗಿಡುವ ಪೊಟ್ಟಣ ಮಾತ್ರ ಅಷ್ಟಾಗಿ ಬಿಸಿಯಾಗಲೇ ಇಲ್ಲ. ಅದರೊಳಗಿನ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕ ಹೀರಿ ಕಾವು ಕೊಡುತ್ತದೆ. 4,200 ಮೀಟರ್‌ಗಿಂತ ಎತ್ತರದಲ್ಲಿ ಗಾಳಿಯೇ ತೆಳು, ಅಲ್ವಾ? ಲೆನ್ಸ್‌ಗೆ ಸುತ್ತುವ ಹೀಟರ್ ಪಟ್ಟಿಯೂ ಬೇಕಾಗಲಿಲ್ಲ. ಅಲ್ಲಿ ಹವೆ ಅಷ್ಟು ಒಣ, ಇಬ್ಬನಿ ಕೂರಲೇ ಇಲ್ಲ. ಕೊಡಗು, ಚಿಕ್ಕಮಗಳೂರಿನ ಕಡೆ ಹೋಗುವವರು ಇದನ್ನು ನಂಬಿ ಪಟ್ಟಿ ಬಿಟ್ಟು ಹೋಗಬೇಡಿ.

ಎತ್ತರಕ್ಕೆ ಮೈ ಹೊಂದಲಿ, ಲೇಹ್‌ನಲ್ಲಿ ಮೊದಲು ವಿಶ್ರಾಂತಿ ತಗೊಳ್ಳಿ ಅಂದಿದ್ರಿ. ಇದನ್ನು ಯಾರೂ ಬಿಡಬೇಡಿ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆ. ಹಾನ್ಲೆಯ 2 ಮೀಟರ್ ಅಗಲದ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರಂತೆ! ನಾನು ದಿನಾ ಆ ದಾರಿಯಲ್ಲೇ ಓಡಾಡುತ್ತೇನೆ, ಗೊತ್ತೇ ಇರಲಿಲ್ಲ.

ಕೆಂಪು ಟಾರ್ಚ್ ಖಂಡಿತ ಒಯ್ಯಿರಿ. ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಹೊಂದಲು ಅರ್ಧ ಗಂಟೆಯಾದರೂ ಬೇಕು, ಪಕ್ಕದವರಿಗೂ ಸೇರಿ.