ಕುದುರೆಯ ತೊಡೆಸಂದಿಯ ಗಂಟು ಕತ್ತರಿಸಿದ ಮೇಲೂ ಮತ್ತೆ ಬಂದಿದೆ, ಏನು ಮಾಡಲಿ?

ಕೇಳಿದವರು, ನಂಜನಗೂಡು ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಎಂಟು ವರ್ಷದ ಕಂದು ಹೆಣ್ಣು ಕುದುರೆ ಇದೆ. ಮಗಳು ಸವಾರಿ ಮಾಡುತ್ತಾಳೆ. ಹಸುಗಳ ಕೊಟ್ಟಿಗೆ ಪಕ್ಕದಲ್ಲೇ ಇದನ್ನೂ ಕಟ್ಟುವುದು. ಹೋದ ಬೇಸಿಗೆಯಲ್ಲಿ ಎಡ ತೊಡೆಸಂದಿಯಲ್ಲಿ ಕಡಲೆಕಾಳಿನಷ್ಟು ಗಂಟು ಕಾಣಿಸಿತು. ನರಹುಲಿ ಇರಬೇಕು ಅಂತ ಸುಮ್ನೆ ಬಿಟ್ಟೆವು. ನಿಂಬೆಹಣ್ಣಿನಷ್ಟು ಆದಾಗ ಒಬ್ಬ ಡಾಕ್ಟರನ್ನು ಕರೆಸಿ ಕತ್ತರಿಸಿ ಹೊಲಿಗೆ ಹಾಕಿಸಿದೆವು. ಎರಡೂವರೆ ತಿಂಗಳಾಯಿತು. ಅದೇ ಜಾಗದಲ್ಲಿ ಹಸಿ ಮಾಂಸದ ಹಾಗೆ ಮತ್ತೆ ಎದ್ದಿದೆ, ಈಗ ಮುಷ್ಟಿಯಷ್ಟಿದೆ. ಮುಟ್ಟಿದರೆ ರಕ್ತ ಜಿನುಗುತ್ತದೆ. ಬಲಗಣ್ಣಿನ ಮೇಲಿನ ರೆಪ್ಪೆಯಲ್ಲೂ ಚರ್ಮದ ಕೆಳಗೆ ಗೋಲಿಯಂಥದ್ದು ಕೈಗೆ ಸಿಗುತ್ತಿದೆ. ಕತ್ತರಿಸಿದ್ದನ್ನು ಪರೀಕ್ಷೆಗೆ ಕಳಿಸಿರಲಿಲ್ಲ. ಒಬ್ಬರು ಸುಡಿಸಿ ಅಂತಾರೆ, ಇನ್ನೊಬ್ಬರು ಮೈಲುತುತ್ತ ಹಚ್ಚಿ ಅಂತಾರೆ. ಇದು ಕ್ಯಾನ್ಸರಾ? ಮತ್ತೆ ಕತ್ತರಿಸಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಲಾಯ ನಡೆಸುವವರು, ಯಲಹಂಕ ಕಡೆ

ಸರ್, ಮೈಲುತುತ್ತ ಮಾತ್ರ ಬೇಡ. ಉಳಿದದ್ದು ಆಮೇಲೆ ಮಾತಾಡೋಣ.

ಕುದುರೆ ನೋಡದೆ ಏನೂ ಹೇಳಬಾರದು, ನಿಜ. ಆದರೆ ತೊಡೆಸಂದು, ರೆಪ್ಪೆ, ಪಕ್ಕದಲ್ಲಿ ಹಸು, ಕತ್ತರಿಸಿದ ಮೇಲೆ ಇನ್ನೂ ದೊಡ್ಡದಾಗಿ ಬಂದದ್ದು, ಇಷ್ಟೂ ಓದಿದಾಗ ನನಗೆ ಸಾರ್ಕಾಯ್ಡ್ ಅಂತಲೇ ಅನುಮಾನ ಬಂತು. ಕುದುರೆಗೆ ಬರುವ ಚರ್ಮದ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಅದೇ. ಹಸುವಿಗೆ ನರಹುಲಿ ತರುವ ಪ್ಯಾಪಿಲೋಮಾ ವೈರಸ್ಸೇ ಇದಕ್ಕೂ ಕಾರಣ. ಹಸುವಿನ ಮೈಮೇಲೆ ಅದು ಕೆಲವು ತಿಂಗಳಲ್ಲಿ ತಾನಾಗಿ ಉದುರಿಹೋಗುವುದೇ ಹೆಚ್ಚು. ಕುದುರೆಯ ಚರ್ಮದಲ್ಲಿ ಮಾತ್ರ ಬೇರು ಬಿಟ್ಟು ಕೂರುತ್ತದೆ. ಸಮಾಧಾನದ ಮಾತು ಅಂದರೆ ಇದು ಶ್ವಾಸಕೋಶ, ಲಿವರ್ ಅಂತ ಒಳಗೆಲ್ಲ ಹರಡುವ ಜಾತಿಯದ್ದಲ್ಲ. ಇದ್ದ ಜಾಗದಲ್ಲೇ ಹಟ ಮಾಡುತ್ತದೆ.

ನಮ್ಮಲ್ಲಿ ಒಂದು ಬೀಜ ಹೊಡೆಸಿದ ಗಂಡು ಕುದುರೆ ಇತ್ತು. ಹೊಟ್ಟೆಯ ಕೆಳಗೆ, ಜೀನಿನ ಪಟ್ಟಿ ಬರುವ ಕಡೆ, ರೂಪಾಯಿ ಅಗಲ ಕೂದಲು ತೆಳುವಾಗಿತ್ತು. ಕುದುರೆ ನೋಡಿಕೊಳ್ಳುವ ಆಳು ಅದನ್ನು ನೋಡಿ ಹುಳುಕಡ್ಡಿ ಅಂದ. ನಾನೂ ಹೂಂ ಅಂದೆ. ಎರಡು ತಿಂಗಳು ಹುಳುಕಡ್ಡಿ ಮುಲಾಮು ತಿಕ್ಕಿದೆವು. ಸಾರ್ಕಾಯ್ಡ್ ಶುರುವಾಗುವ ಒಂದು ಬಗೆ ಥೇಟ್ ಹಾಗೇ ಇರುತ್ತದೆ ಅಂತ ಆಗ ಗೊತ್ತಿರಲಿಲ್ಲ. ದಿನಾ ಪಟ್ಟಿ ಉಜ್ಜಿ, ನಾವೂ ತಿಕ್ಕಿ, ಸುಮ್ಮನಿದ್ದದ್ದನ್ನು ಎಬ್ಬಿಸಿದೆವು. ಹೂಕೋಸಿನ ಹಾಗೆ ಕೆಂಪಗೆ ಉಬ್ಬಿತು.

ಆಮೇಲೆ ಬಂದ ಡಾಕ್ಟರು ಮಾಡಿದ್ದು ಕ್ರಯೋ ಸರ್ಜರಿ, ಅಂದರೆ ಗಡ್ಡೆಯನ್ನು ಹೆಪ್ಪುಗಟ್ಟಿಸಿ ಸಾಯಿಸುವುದು. ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಕ್ಯಾನ್ ನೋಡಿರುತ್ತೀರಲ್ಲ, ಅದರಲ್ಲಿರುವ ಅದೇ ದ್ರವ ಸಾರಜನಕ. ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಕುದುರೆಗೆ ನಿಂತಲ್ಲೇ ಮಂಪರು ಕೊಟ್ಟು, ಜಾಗ ಮರಗಟ್ಟಿಸಿ, ಮೊದಲು ಮೇಲೆ ಎದ್ದಿದ್ದ ಮಾಂಸವನ್ನು ಸವರಿ ತೆಗೆದರು. ಆಮೇಲೆ ಬುಡಕ್ಕೆ ಸಾರಜನಕ ಬಿಟ್ಟರು. ಬಿಳಿ ಹೊಗೆ. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಅನ್ನುವಷ್ಟು ಕಲ್ಲಾಯಿತು. ಪೂರ್ತಿ ಕರಗುವವರೆಗೆ ಕಾದು ಮತ್ತೆ ಹೆಪ್ಪುಗಟ್ಟಿಸಿದರು. ಹೀಗೆ ಮೂರು ಸಲ. ಬೇಗ ಹೆಪ್ಪುಗಟ್ಟಬೇಕು, ನಿಧಾನವಾಗಿ ಕರಗಬೇಕು, ಆಗಲೇ ಜೀವಕೋಶ ಒಡೆಯುವುದು ಅಂದರು. ಅವಸರ ಮಾಡಿ ಒಂದೇ ಸಲಕ್ಕೆ ಮುಗಿಸುವವರ ಕೈಗೆ ಕೊಡಬೇಡಿ.

ಮುಂದಿನ ಮೂರು ವಾರ ಸ್ವಲ್ಪ ಗಟ್ಟಿ ಮನಸ್ಸು ಬೇಕು. ಮೊದಲು ಊದುತ್ತದೆ, ಆಮೇಲೆ ಚಪ್ಪಲಿ ಚರ್ಮದ ಹಾಗೆ ಕಪ್ಪಾಗುತ್ತದೆ, ವಾಸನೆ ಬರುತ್ತದೆ. ಕಿತ್ತು ತೆಗೆಯಬೇಡಿ, ತಾನಾಗಿ ಬೀಳುತ್ತದೆ. ನಮ್ಮದಕ್ಕೆ ಆರು ವಾರದ ಮೇಲೆ ಒಂದು ಅಂಚಿನಲ್ಲಿ ಮತ್ತೆ ಚಿಗುರಿತು, ಇನ್ನೊಮ್ಮೆ ಮಾಡಿಸಿದೆವು. ಮೂರು ವರ್ಷ ಆಯಿತು, ಬಂದಿಲ್ಲ. ಆ ಜಾಗದಲ್ಲಿ ಮಾತ್ರ ಕೂದಲು ಬೆಳ್ಳಗೆ ಬಂದಿದೆ. ಚಳಿಗೆ ಬಣ್ಣದ ಕಣಗಳು ಸತ್ತುಹೋಗುತ್ತವಂತೆ.

ಪಶುವೈದ್ಯರು, ನಿವೃತ್ತ

ಮೇಲಿನವರು ಹೇಳಿದ್ದು ಸರಿ ಇದೆ. ಆದರೆ ಹೆಸರು ಇಡುವ ಮೊದಲು ಎರಡು ಮಾತು.

ಕುದುರೆ ಮೈಮೇಲೆ ಹಸಿ ಮಾಂಸ ಕಂಡ ಕೂಡಲೇ ಗಡ್ಡೆ ಅಲ್ಲ. ಗಾಯದ ಮೇಲೆ ಬೆಳೆಯುವ ದುರ್ಮಾಂಸ ಇರಬಹುದು, ಕಾಲಿನಲ್ಲಾದರೆ ಅದೇ ಜಾಸ್ತಿ. ನೊಣ ತಂದಿಡುವ ಹುಳದ ಮರಿಗಳಿಂದ ಬೇಸಿಗೆ, ಮಳೆಗಾಲದಲ್ಲಿ ಹುಣ್ಣಾಗುತ್ತದೆ. ಅದರಲ್ಲಿ ಅಕ್ಕಿನುಚ್ಚಿನಂಥ ಹಳದಿ ಕಾಳು ಸಿಗುತ್ತವೆ, ಅದಕ್ಕೆ ಹುಳದ ಔಷಧಿಯೇ ಬೇಕು. ಇನ್ನು ಕಾಲಿನ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಸಾಲಾಗಿ ಗಂಟುಗಳೆದ್ದು, ಒಡೆದು ಜೇನಿನಂತೆ ಅಂಟಂಟು ಕೀವು ಸುರಿದರೆ ಕೈ ಹಾಕಬೇಡಿ. ಅದು ಗ್ಲಾಂಡರ್ಸ್ ಇರಬಹುದು. ಮನುಷ್ಯರಿಗೂ ಬರುವ ರೋಗ. ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಕಾನೂನಿದೆ. ರಕ್ತದ ಮಾದರಿ ಹರಿಯಾಣದ ಹಿಸ್ಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ನಿಮ್ಮದು ಹಾಗೆ ಕಾಣುತ್ತಿಲ್ಲ. ಆದರೆ ಓದುವ ಬೇರೆಯವರಿಗೆ ಗೊತ್ತಿರಲಿ.

ಎರಡನೆಯದು ಬಯಾಪ್ಸಿ, ಅಂದರೆ ಗಂಟಿನ ತುಂಡು ತೆಗೆದು ಪರೀಕ್ಷೆಗೆ ಕಳಿಸುವುದು. ಮುಚ್ಚಿಕೊಂಡು ತಣ್ಣಗಿರುವ ಸಾರ್ಕಾಯ್ಡ್‌ಗೆ ಸುಮ್ನೆ ಸೂಜಿ, ಚಾಕು ಹಾಕಿದರೆ ಕೆರಳಿ ಬೆಳೆಯುವ ಅಪಾಯ ಇದೆ. ಆದ್ದರಿಂದ ರೆಪ್ಪೆಯದ್ದನ್ನು ಈಗ ಕೆಣಕಬೇಡಿ. ತೊಡೆಸಂದಿಯದ್ದು ಹೇಗೂ ಒಡೆದಿದೆ, ಚಿಕಿತ್ಸೆ ಮಾಡುವ ದಿನವೇ ಒಂದು ತುಂಡನ್ನು ಹತ್ತು ಪರ್ಸೆಂಟ್ ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸರ್ಜರಿ, ಪೆಥಾಲಜಿ ಎರಡೂ ವಿಭಾಗ ಇವೆ. ಫೋಟೊ ತೆಗೆದುಕೊಂಡು ಹೋಗಿ. ಫೋಟೊದಲ್ಲಿ ಗಂಟಿನ ಪಕ್ಕ ಒಂದು ಸ್ಕೇಲ್ ಇಡಿ, ಮುಷ್ಟಿ ಅಂದರೆ ಯಾರ ಮುಷ್ಟಿ ಅಂತ ನಮಗೆ ಗೊತ್ತಾಗುವುದಿಲ್ಲ.

ಮತ್ತೆ ಕತ್ತರಿಸಬಹುದಾ ಅಂದಿರಿ. ಬರೀ ಕತ್ತರಿಸಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಮರಳುವುದು ತೀರಾ ಸಾಮಾನ್ಯ. ಕಣ್ಣಿಗೆ ಆರೋಗ್ಯವಾಗಿ ಕಾಣುವ ಅಂಚಿನಲ್ಲೂ ಅದರ ಎಳೆಗಳಿರುತ್ತವೆ. ಮೊದಲ ಡಾಕ್ಟರನ್ನು ಬೈಯಬೇಡಿ, ನಾನೂ ನೌಕರಿಯ ಮೊದಲ ವರ್ಷಗಳಲ್ಲಿ ಹಾಗೇ ಕತ್ತರಿಸಿ ಕಳಿಸಿದವನು. ಕತ್ತರಿಸಿದರೆ ಜೊತೆಗೆ ಇನ್ನೊಂದು ಏನಾದರೂ ಇರಬೇಕು. ಕ್ರಯೋ ಒಂದು. ಲೇಸರ್ ಒಂದು. ಇಲ್ಲವೆಂದರೆ ಸಿಸ್‌ಪ್ಲಾಟಿನ್, ಮನುಷ್ಯರ ಕ್ಯಾನ್ಸರಿಗೆ ಕೊಡುವ ಔಷಧಿಯೇ. ಎಳ್ಳೆಣ್ಣೆಯಲ್ಲಿ ಬೆರೆಸಿ ಗಡ್ಡೆಯೊಳಗೇ ಚುಚ್ಚುತ್ತಾರೆ, ಬೇಗ ರಕ್ತಕ್ಕೆ ಸೇರಿ ಹೋಗದಿರಲಿ ಅಂತ. ಎರಡು ವಾರಕ್ಕೊಮ್ಮೆ, ನಾಲ್ಕು ಸಲ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದು ವಿಷ. ಮನೆಯಲ್ಲಿ ನೀವು ಮುಟ್ಟುವಂಥದ್ದಲ್ಲ, ಗರ್ಭಿಣಿಯರಂತೂ ಹತ್ತಿರವೇ ಇರಬಾರದು.

ಮೈಲುತುತ್ತ, ಸುಣ್ಣ, ಕಾಸಿದ ಕಬ್ಬಿಣ, ಇವೆಲ್ಲ ಮೇಲಿನದ್ದನ್ನಷ್ಟೇ ಸುಡುತ್ತವೆ. ಬುಡ ಹಾಗೇ ಉಳಿದು ಎರಡರಷ್ಟಾಗಿ ಬರುತ್ತದೆ. ಅರ್ಧ ಚಿಕಿತ್ಸೆಗಿಂತ ಮುಟ್ಟದೆ ಬಿಟ್ಟದ್ದೇ ಮೇಲು ಅನ್ನುವ ರೋಗ ಇದು.

ಮದುವೆ ಮೆರವಣಿಗೆಗೆ ಕುದುರೆ ಕಳಿಸುವವರು, ದಾವಣಗೆರೆ

ನಮ್ಮದು ಬಿಳಿ ಕುದುರೆಗಳ ಕಥೆ. ಕೇಳಿದವರದ್ದು ಕಂದು, ಆದರೂ ಹೇಳುತ್ತೇನೆ. ಮದುಮಗ ಹತ್ತುವುದು ಬಿಳಿ ಕುದುರೆಯನ್ನೇ ಅಲ್ವಾ, ನಮ್ಮಂಥವರ ಹತ್ತಿರ ಇರುವುದೂ ಅದೇ.

ಬಿಳಿಯಲ್ಲಿ ಎರಡು ಬಗೆ. ಒಂದು, ಮರಿಯಾಗಿದ್ದಾಗ ಕಪ್ಪೋ ಕಂದೋ ಇದ್ದು ವರ್ಷ ಕಳೆದಂತೆ ಬೆಳ್ಳಗಾಗುವುದು. ಕೂದಲು ಬಿಳಿ, ಚರ್ಮ ಕಪ್ಪು. ಇನ್ನೊಂದು ನುಕ್ರಾ. ಹುಟ್ಟಿನಿಂದಲೇ ಬಿಳಿ, ಚರ್ಮ ಗುಲಾಬಿ. ಎರಡಕ್ಕೂ ಬರುವ ಗಡ್ಡೆ ಬೇರೆ ಬೇರೆ.

ಮೊದಲ ಬಗೆಗೆ ಬಾಲದ ಕೆಳಗೆ ಮೆಲನೋಮಾ ಅನ್ನುವ ಕಪ್ಪು ಗಡ್ಡೆ ಬರುತ್ತದೆ. ಹದಿನೈದು ವರ್ಷ ದಾಟಿದ ಇಂಥ ಕುದುರೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಇದು ಇರುತ್ತದೆ ಅಂತ ಡಾಕ್ಟರು ಹೇಳಿದಾಗ ನಂಬಲಿಲ್ಲ. ಬಣ್ಣ ಬೆಳ್ಳಗೆ ಮಾಡುವ ಜೀನೇ ಇದನ್ನೂ ತರುತ್ತದಂತೆ, 2008ರಲ್ಲಿ ಕಂಡುಹಿಡಿದದ್ದು. ನಮ್ಮ ದೊಡ್ಡ ಕುದುರೆಗೆ ಹನ್ನೊಂದನೇ ವರ್ಷಕ್ಕೇ ಅಲ್ಲಿ ಕರಿಮಣಿಯಂಥ ಎರಡು ಗುಳ್ಳೆ ಇದ್ದವು. ನೋವಿಲ್ಲ, ಬಾಲ ಮುಚ್ಚಿಕೊಂಡಿರುತ್ತದೆ, ಮೇಲೆ ಜರಿ ಜೂಲು ಹಾಕಿ ಕಳಿಸಿದರೆ ಯಾರಿಗೆ ಕಾಣುತ್ತದೆ? ಮೊದಲು ತೋರಿಸಿದವರೂ ಮುಟ್ಟಬೇಡಿ, ಹಾಗೇ ಇರಲಿ ಅಂದಿದ್ದರು. ಹದಿನಾರಕ್ಕೆ ದ್ರಾಕ್ಷಿ ಗೊಂಚಲಾಯಿತು. ಲದ್ದಿ ಹಾಕುವಾಗ ನರಳುವುದು ಶುರುವಾಯಿತು. ಆಗ ಆಪರೇಷನ್ನಿಗೆ ಜಾಗವೇ ಉಳಿದಿರಲಿಲ್ಲ. ಹೊಟ್ಟೆ ಹುಣ್ಣಿಗೆ ಮನುಷ್ಯರು ತಿನ್ನುವ ಸಿಮೆಟಿಡಿನ್ ಮಾತ್ರೆ ಮೂರು ತಿಂಗಳು ಕೊಟ್ಟೆ, ದಿನಕ್ಕೆ ಮೂರು ಹೊತ್ತು ಹುರುಳಿ ಜೊತೆ. ಕೆಲವರಿಗೆ ಗುಣ ಕಂಡಿದೆಯಂತೆ, ನನಗೆ ಕಾಣಲಿಲ್ಲ.

ಅದೇ ಬಗೆಯ ನಮ್ಮ ಇನ್ನೊಂದು ಕುದುರೆಗೆ ಒಂಬತ್ತನೇ ವರ್ಷಕ್ಕೇ ಬಟಾಣಿಯಷ್ಟಿದ್ದಾಗ ತೆಗೆಸಿಬಿಟ್ಟೆ. ನಿಂತಲ್ಲೇ, ಅರ್ಧ ಗಂಟೆ ಕೆಲಸ. ಈಗ ತಿಂಗಳಿಗೊಮ್ಮೆ ಬಾಲ ಎತ್ತಿ, ತುಟಿ ಮಡಚಿ, ಕಿವಿಯ ಕೆಳಗೆ ಗಂಟಲ ಹತ್ತಿರ ಒತ್ತಿ ನೋಡುತ್ತೇನೆ.

ನುಕ್ರಾದ್ದು ಬಿಸಿಲಿನ ಕಾಟ. ಕಣ್ಣಿನ ಒಳಮೂಲೆಯ ಮೂರನೇ ರೆಪ್ಪೆಯಲ್ಲಿ ಕೆಂಪಗೆ ಒಂದು ಚುಕ್ಕೆ, ಯಾವಾಗಲೂ ನೀರು. ಧೂಳು ಅಂದುಕೊಂಡು ಡ್ರಾಪ್ಸ್ ಹಾಕಿದೆ. ಅದು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ನಿಜವಾದ ಕ್ಯಾನ್ಸರೇ. ಆ ಮೂರನೇ ರೆಪ್ಪೆಯನ್ನೇ ತೆಗೆದರು, ಕಣ್ಣು ಉಳಿಯಿತು. ಈಗ ಹಗಲು ಮುಖಕ್ಕೆ ಜಾಲರಿ ಮುಖವಾಡ, ಮೂಗಿನ ಮೇಲೆ ಬಿಸಿಲಿನ ಕ್ರೀಮು. ಓಣಿಯ ಹುಡುಗರು ನಗುತ್ತಾರೆ. ಗಂಡು ನುಕ್ರಾ ಇದ್ದವರು ಶಿಶ್ನವನ್ನೂ ಆಗಾಗ ತೊಳೆದು ನೋಡಬೇಕು, ಅಲ್ಲೂ ಇದೇ ಬರುತ್ತದೆ. ನಾಚಿಕೆ ಪಟ್ಟು ಬಿಟ್ಟವರು ಕುದುರೆ ಕಳಕೊಂಡದ್ದು ನೋಡಿದ್ದೇನೆ.

ಇಂಗ್ಲೆಂಡಿನಿಂದ, ಮೂಲ ಧಾರವಾಡ

ಇಲ್ಲಿ ಸಾರ್ಕಾಯ್ಡ್ ಎಷ್ಟು ಮಾಮೂಲಿ ಅಂದರೆ ಕುದುರೆ ಕೊಳ್ಳುವ ಮೊದಲು ತೊಡೆಸಂದಿಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಒಂದು ಇದ್ದರೂ ಬೆಲೆ ಇಳಿಯುತ್ತದೆ, ಇನ್ಶೂರೆನ್ಸಿನವರು ಅದನ್ನು ಹೊರಗಿಡುತ್ತಾರೆ. ನಾನು ಸವಾರಿ ಮಾಡುವ ಕುದುರೆಗೆ ಲಿವರ್‌ಪೂಲ್ ಕ್ರೀಮ್ ಹಚ್ಚಿದರು. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿದ್ದ ಡೆರೆಕ್ ನಾಟನ್‌ಬೆಲ್ಟ್ ಅವರ ಹೆಸರಿಗೆ ಅಂಟಿಕೊಂಡಿರುವ ಔಷಧಿ. ಡಾಕ್ಟರೇ ಬಂದು ಹಚ್ಚಬೇಕು, ಮಾಲೀಕರ ಕೈಗೆ ಕೊಡುವುದಿಲ್ಲ. ಕೆಲಸ ಮಾಡಿತು. ಆದರೆ ಎಷ್ಟು ಉರಿಯಿತೋ ಏನೋ, ಮೂರನೇ ಸಲಕ್ಕೆ ಡಾಕ್ಟರ ಕಾರಿನ ಸದ್ದಿಗೇ ಕುದುರೆ ಹಿಂದಿನ ಗೋಡೆಗೆ ಒತ್ತಿ ನಿಂತಿತು. ಈಗಲೂ ಆ ಮಗ್ಗುಲು ಮುಟ್ಟಿಸಿಕೊಳ್ಳುವುದಿಲ್ಲ.

ಮನುಷ್ಯರ ನರಹುಲಿಗೆ ಬರುವ ಇಮಿಕ್ವಿಮಾಡ್ ಕ್ರೀಮ್ ಸ್ವಲ್ಪ ಸೌಮ್ಯ. ವಾರಕ್ಕೆ ಮೂರು ಸಲ, ತಿಂಗಳುಗಟ್ಟಲೆ. ಚಿಕ್ಕವಕ್ಕೆ ಸರಿ. ಮುಷ್ಟಿಯಷ್ಟಕ್ಕೆ ಸಾಲದು.

ತುಮಕೂರು ಕಡೆಯವರು

ನಮ್ಮಜ್ಜಿ ನಮ್ಮ ನರಹುಲಿಗೆ ಕುದುರೆ ಬಾಲದ ಕೂದಲು ಕಟ್ಟಿ ಉದುರಿಸುತ್ತಿದ್ದರು. ಕುದುರೆಗೇ ಬಂದರೆ ಯಾರ ಕೂದಲು ಕಟ್ಟುವುದು? ತಮಾಷೆ ಬಿಡಿ, ಬಿಗಿಯಾಗಿ ಕಟ್ಟಿದರೆ ಬೀಳುತ್ತದಾ?

ಪಶುವೈದ್ಯರು, ನಿವೃತ್ತ

ಅಜ್ಜಿಯ ಉಪಾಯ ಪೂರ್ತಿ ಸುಳ್ಳಲ್ಲ. ತೊಟ್ಟು ಸಣ್ಣಗಿದ್ದು ಗಂಟು ಜೋತುಬಿದ್ದಿದ್ದರೆ, ಚರ್ಮದ ಕೆಳಗೆ ಬುಡ ಇಲ್ಲದಿದ್ದರೆ, ನಾವೂ ಬಿಗಿ ರಬ್ಬರ್ ರಿಂಗ್ ಹಾಕುತ್ತೇವೆ. ನಂಜನಗೂಡಿನವರದ್ದು ಅಗಲ ಬುಡದ್ದು. ಕಟ್ಟಿದರೆ ಮೇಲಿನ ಅರ್ಧ ಬೀಳುತ್ತದೆ, ಕೆಳಗಿನದ್ದು ಕೆರಳುತ್ತದೆ.

ರೆಪ್ಪೆಯ ಬಗ್ಗೆ ಹೇಳುವುದು ಮರೆತೆ. ಅಲ್ಲಿಗೆ ಬಿಸಿಜಿ ಒಳ್ಳೆಯದು, ಹುಟ್ಟಿದ ಮಕ್ಕಳ ತೋಳಿಗೆ ಕ್ಷಯದ ವಿರುದ್ಧ ಹಾಕುವ ಅದೇ ಬಿಸಿಜಿ. ಗಂಟಿನೊಳಗೆ ಚುಚ್ಚಿದರೆ ಮೈಯ ರೋಗನಿರೋಧಕ ಶಕ್ತಿಯೇ ಅದರ ಮೇಲೆ ಏರಿಹೋಗುತ್ತದೆ. ಕಣ್ಣಿನ ಸುತ್ತ ಕತ್ತರಿಸಲು ಹೆಚ್ಚುವರಿ ಚರ್ಮ ಇಲ್ಲ, ಅದಕ್ಕೇ ಇದು. ಎರಡನೆಯ, ಮೂರನೆಯ ಸಲಕ್ಕೆ ಅಲರ್ಜಿಯಾಗಿ ಕುದುರೆ ಕುಸಿಯುವ ಅಪಾಯ ಇದೆ. ಮೊದಲೇ ಊತ, ನೋವು ಇಳಿಸುವ ಫ್ಲುನಿಕ್ಸಿನ್, ಸ್ಟಿರಾಯ್ಡ್ ಕೊಟ್ಟು, ಆಮೇಲೆ ಡಾಕ್ಟರು ಅಲ್ಲೇ ಕಾಯಬೇಕು. ಚುಚ್ಚಿ ಬೈಕ್ ಹತ್ತಿ ಹೊರಡುವವರಿಗೆ ಬೇಡ ಅನ್ನಿ.

ಲಾಯ ನಡೆಸುವವರು, ಯಲಹಂಕ ಕಡೆ

ನೊಣ ಕಡಿಮೆ ಮಾಡಿ ಸರ್. ವೈರಸ್ಸು ಒಂದು ಜಾಗದಿಂದ ಇನ್ನೊಂದಕ್ಕೆ ನೊಣದ ಜೊತೆ ಹೋಗುತ್ತದೆ ಅನ್ನುವ ಅನುಮಾನ ಬಲವಾಗಿದೆ. ಲದ್ದಿ ದಿನಾ ಎತ್ತಿ, ಬೇರೆ ಗಾಯ ಇದ್ದರೆ ಮುಚ್ಚಿ. ಹಸುವಿಗೆ ಬಳಸಿದ ಹಗ್ಗ, ಬ್ರಷ್ಷು ಕುದುರೆಗೆ ಬೇಡ.

ಕೇಳಿದವರು, ಐದು ತಿಂಗಳ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಪರೀಕ್ಷೆಯಲ್ಲಿ ಸಾರ್ಕಾಯ್ಡ್ ಅಂತಲೇ ಬಂತು. ಕತ್ತರಿಸಿ ಕ್ರಯೋ ಮಾಡಿದರು, ಒಂದೂವರೆ ತಿಂಗಳಿಗೆ ಇನ್ನೊಮ್ಮೆ. ಖರ್ಚು ಜಾಸ್ತಿ ಆದದ್ದು ಡಾಕ್ಟರಿಗಲ್ಲ, ಕುದುರೆ ಸಾಗಿಸುವ ಗಾಡಿಗೆ. ತೊಡೆಸಂದಿಯಲ್ಲಿ ಈಗ ಅಂಗೈ ಅಗಲ ಬಿಳಿ ಕೂದಲು ಮೂಡುತ್ತಿದೆ. ರೆಪ್ಪೆಗೆ ಬಿಸಿಜಿ ಮೂರು ಸಲ ಆಯಿತು. ಮೂರನೆಯ ಸಲ ಕಣ್ಣು ಪೂರ್ತಿ ಊದಿ ಎರಡು ದಿನ ಮೇವು ಮುಟ್ಟಲಿಲ್ಲ, ಮಗಳು ಲಾಯದಲ್ಲೇ ಮಲಗಿದಳು. ಗೋಲಿ ಈಗ ಮೆಣಸಿನಕಾಳಿನಷ್ಟಿದೆ. ಪೂರ್ತಿ ಹೋಗಿಲ್ಲ. ಕಾಯಿರಿ ಅಂದಿದ್ದಾರೆ.

ಹಸುಗಳನ್ನು ಬೇರೆ ಕಡೆ ಕಟ್ಟೋಣ ಅಂದರೆ ಅಮ್ಮ ಒಪ್ಪಲಿಲ್ಲ. ಕುದುರೆಯನ್ನೇ ಕಟ್ಟಿಕೋ ಹೋಗು ಅಂದರು. ಈಗ ಅದು ಮಾವಿನಮರದ ಕೆಳಗಿದೆ, ಮುಖಕ್ಕೆ ಜಾಲರಿ ಹಾಕಿಕೊಂಡು.